ಬಾಗಿಲು ನೀನು ತೆಗೀಬೇಡ

ಅಕ್ಕಾ,

ಹನ್ನೊಂದಕ್ಕೆ ಸರ್ಕಾರಿ ವಿಮೆ ಆಫೀಸಿನ ಮೇಡಂ ಗಾಲಿಕುರ್ಚಿ ವಿಚಾರಕ್ಕೆ ಬರ್ತಾರೆ. ಚಿಲಕ ಹಾಕಿಲ್ಲ, ನೀನು ಏಳಬೇಡ. ಹೋದ ಸಲ ನೀನು ಗೋಡೆ ಹಿಡ್ಕೊಂಡು ಹೋಗಿ ಬಾಗಿಲು ತೆಗೆದೆ, ಸಾಲದ್ದಕ್ಕೆ ಟೀ ಬೇರೆ ಮಾಡಿಕೊಟ್ಟೆ. ಅವರು "ನಡೆಯಬಲ್ಲರು" ಅಂತ ಬರೆದು ಅರ್ಜಿ ತಳ್ಳಿಹಾಕಿದ್ರು. ಆಮೇಲೆ ಎರಡು ದಿನ ನೀನು ಹಾಸಿಗೆ ಬಿಟ್ಟು ಏಳಲಿಲ್ಲ. ಅದನ್ನ ಯಾರು ಬರ್ಕೊಂಡ್ರು?

ಡಾಕ್ಟರ ಹೊಸ ಪತ್ರ ದಿಂಬಿನ ಪಕ್ಕ ಇದೆ. ಅದರ ನಕಲು ಓದಿಯೇ ಮೇಡಂ ಮತ್ತೆ ನೋಡೋಕೆ ಒಪ್ಪಿದ್ದಾರೆ. ಬಾಗಿಲಿನ ಅಗಲ ಅಳೆಯೋಕೆ ಟೇಪ್ ತರ್ತೀನಿ ಅಂದ್ರು ಫೋನಲ್ಲಿ. ಕೊಡದೆ ಇರೋರು ಅಳತೆ ಯಾಕೆ ತಗೋತಾರೆ ಹೇಳು.

ಸುಳ್ಳು ಹೇಳು ಅಂತಿಲ್ಲ. ನೋವಾದ್ರೆ ನೋವು ಅನ್ನು, ಬಿಗುಮಾನ ಬಿಡು. ಕುರ್ಚಿ ಎಲ್ಲಿಗೆ ಹೋಗೋಕೆ ಅಂತ ಕೇಳಿದ್ರೆ ನಮ್ಮ ಹೊಲಿಗೆ ಅಂಗಡಿಗೆ ಅನ್ನು. ನಿನ್ನ ಮಿಷನ್ನಿಗೆ ನಿನ್ನೆ ಮೋಟಾರು ಹಾಕಿಸಿದೆ. ಇನ್ನು ಪೆಡಲು ತುಳಿಯೋ ಕಷ್ಟ ಇಲ್ಲ.