ಒಗೆದು ಹಾಕಿದ ಸಾಕ್ಷಿ

ಅಕ್ಕಾ,

ಮೊಮ್ಮಗ ಚೆನ್ನಾಗಿದ್ದಾನೆ, ಮಾನ ಹೋದದ್ದು ನನ್ನದು. ಗುರುತು ಪರಿಚಯವಿಲ್ಲದ ಊರು ಎಂದು ಅಳುತ್ತಿದ್ದೆನಲ್ಲ, ಈಗ ಇಡೀ ಆಸ್ಪತ್ರೆಗೆ ನನ್ನ ಗುರುತಿದೆ.

ಮಗುವಿಗೆ ಹುಟ್ಟುವಾಗಲೇ ಮಲದ್ವಾರವಿರಲಿಲ್ಲ ಎಂದು ಹಿಂದಿನ ಕಾರ್ಡಿನಲ್ಲಿ ಬರೆದಿದ್ದೆ. ಸೋಮವಾರ ಆಪರೇಷನ್ ಮಾಡಿ ದಾರಿ ಮಾಡಿಕೊಟ್ಟರು. ಇನ್ನು ಅವನು ಕಕ್ಕ ಮಾಡಿದ್ದನ್ನು ದೊಡ್ಡ ಡಾಕ್ಟರು ಕಣ್ಣಾರೆ ನೋಡಿದ ಮೇಲೆಯೇ ಹಾಲು ಎಂದರು. ಈ ವಾರ್ಡಿನಲ್ಲಿ ಒಂದು ಮಗು ಮಾಡಿದರೆ ಹತ್ತು ಹಾಸಿಗೆಯವರೂ ಎದ್ದು ಬಂದು ನೋಡುತ್ತಾರೆ!

ನಿನ್ನೆ ಬೆಳಿಗ್ಗೆ ಇವನು ಮಾಡಿಯೇಬಿಟ್ಟ. ನನ್ನ ಕೈ ಸುಮ್ಮನಿರುತ್ತದೆಯೇ? ಯಾರನ್ನೂ ಕೂಗದೆ ಬಟ್ಟೆಯನ್ನು ಒಗೆದು, ಹಿಂಡಿ, ಕಿಟಕಿಗೆ ಒಣಹಾಕಿದೆ. ಸುದ್ದಿ ಕೇಳಿ ಬಂದ ಡಾಕ್ಟರು ಆ ಬೆಳ್ಳನೆಯ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಲ್ಲಿ ನಾನೇನು ನೋಡ್ಲಿ ಅಜ್ಜಿ? ಇನ್ನೊಂದ್ಸಲ ಮಾಡೋವರೆಗೂ ಕಾಯ್ಬೇಕು" ಎಂದರು. ಮಗು ಹಸಿವಿಗೆ ಕಿರುಚುತ್ತಿತ್ತು. ಸೊಸೆ ನನ್ನನ್ನು ನೋಡಿದ ನೋಟ ಬರೆಯಲು ಕಾರ್ಡು ಸಾಲದು.

ಅಷ್ಟರಲ್ಲಿ ಗಾಯ ನೋಡಲೆಂದು ಡಾಕ್ಟರು ಮಗುವಿನ ಕಾಲೆತ್ತಿದರು ನೋಡು, ಕೋಟಿನ ಎದೆಯಿಂದ ಜೇಬಿನವರೆಗೂ ಅಭಿಷೇಕ! ವಾರ್ಡೆಲ್ಲ ಚಪ್ಪಾಳೆ. ನಾನು ನಾಚಿ, "ಕೋಟು ಕೊಡಿ, ಚಿಟಿಕೆ ಹೊಡೆಯೋಷ್ಟರಲ್ಲಿ ಒಗ್ದು ಕೊಡ್ತೀನಿ" ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ನೀವು ಮಾತ್ರ ಮುಟ್ಬೇಡಿ!" ಎಂದು ಅದೇ ಕೋಟಿನಲ್ಲಿ ಹೊರಗೆ ಹೋಗಿ, ಅಲ್ಲಿ ಕಾಯುತ್ತಿದ್ದ ನನ್ನ ಮಗನಿಗೆ ತೋರಿಸಿದರು. ಅವನು ಅಳುತ್ತಾ ನಗುತ್ತಿದ್ದ.

ಹಾಲು ಶುರುವಾಗಿದೆ. ನನ್ನ ಮಂಡಿನೋವು ಪರವಾಗಿಲ್ಲ. ಹಳೆಯ ಮೆತ್ತನೆಯ ಬಟ್ಟೆ ಇದ್ದಷ್ಟು ಕಳಿಸು. ಜೊತೆಗೆ ಒಂದು ಸೋಪನ್ನೂ ಗುಟ್ಟಾಗಿ ಇಡು. ನನ್ನದನ್ನು ಸೊಸೆ ಬಚ್ಚಿಟ್ಟಿದ್ದಾಳೆ.

ನಿನ್ನ ತಂಗಿ