ಏಳು ಸೀಟಿನ ಗಾಡಿ

ಹಳೇ ಹುಬ್ಬಳ್ಳಿ, ತಳಮನೆ ಓಣಿ
ಫೆಬ್ರವರಿ 31, 2146

ಗುರುಸಿದ್ದಪ್ಪ ಮುತ್ತ್ಯಾನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ತಂಪವ್ವ ಮಾಡುವ ಶರಣು.

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಕಾಗದ ಮುದುಡಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ. ತಣ್ಣಗಿರುವ ಕೊನೆಯ ತಿಂಗಳು ಅದೊಂದೇ, ಹಾಗಾಗಿ ಹಿರಿಯರು ಅತ್ತಿತ್ತಲಿಂದ ದಿನ ಎಳೆದು ಅದಕ್ಕೆ ಸೇರಿಸಿದರು. ದಿನ ಸೇರಿಸಿದರೆ ತಂಪು ಸೇರುತ್ತದೆಯೇ? ಇಲ್ಲ. ಆದರೂ ಸೇರಿಸಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಎನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. 

ನೀವೀಗ ಶೋರೂಮಿನಲ್ಲಿ ಕೂತಿದ್ದೀರಿ. ಮಂಗಳವಾರ, ಬೆಳಗಿನ ಹನ್ನೊಂದೂ ಮುಕ್ಕಾಲು. ಮುಂದೆ ಗಾಜಿನ ಮೇಜು, ಮೇಜಿನ ಮೇಲೆ ಎರಡು ಗಾಡಿಗಳ ಚಿತ್ರ. ಒಂದು ಐದು ಸೀಟಿನ ಮಿಡ್‌ಸೈಜ್, ಇನ್ನೊಂದು ಏಳು ಸೀಟಿನ ದೊಡ್ಡದು. ನಿಮ್ಮ ಬುಕಿಂಗ್ ಚೀಟಿ ನಮ್ಮ ಮನೆಯಲ್ಲಿ ಇನ್ನೂ ಇದೆ, ಹೊತ್ತು ಅದರಲ್ಲೇ ಅಚ್ಚಾಗಿದೆ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಓಲೆ ಪಡೆಯುವವರು ಇಂಥ ಗಳಿಗೆಯಲ್ಲಿ ಇಂಥಲ್ಲೇ ಇದ್ದರು ಎಂಬುದಕ್ಕೆ ಪುರಾವೆ ಕೊಟ್ಟವರಿಗೆ ಮಾತ್ರ, ಜೀವಮಾನಕ್ಕೆ ಒಮ್ಮೆ ಕಳಿಸಲು ಬಿಡುತ್ತಾರೆ. ನನ್ನದೊಂದೇ ಓಲೆಯನ್ನು ನಾನು ಗಾಡಿಯ ಮಾತಿಗೆ ಖರ್ಚು ಮಾಡುತ್ತಿದ್ದೇನೆ.

ನಮ್ಮಲ್ಲಿ ಮಾರ್ಚ್ ಬಂತೆಂದರೆ ಉರಿಗಾಲ. ಹೊರಗೆ ಹತ್ತು ನಿಮಿಷ ನಿಂತರೆ ಮನುಷ್ಯ ಕುಸಿಯುತ್ತಾನೆ. ಅದಕ್ಕೇ ಸರ್ಕಾರ ಊರಿನ ಜನರನ್ನು ಸಾಲುಗಾಡಿಗಳಲ್ಲಿ ಎತ್ತರದ ಗುಡ್ಡಗಳಿಗೆ ಒಯ್ಯುತ್ತದೆ. ಆದರೆ ಎಲ್ಲರಿಗೂ ಜಾಗವಿಲ್ಲ. ಮೊದಲ ಉರಿಗಾಲದಲ್ಲಿ ಜನಗಣತಿ, ರೇಷನ್ ಕಾರ್ಡು, ಎಲ್ಲ ದಾಖಲೆಯೂ ಹಾಳಾಗಿ, ವಾಹನ ನೋಂದಣಿಯ ಪಟ್ಟಿಯೊಂದೇ ಉಳಿಯಿತಂತೆ. ಆ ಪಟ್ಟಿಯಲ್ಲಿ ಮನೆತನದ ಗಾಡಿಗೆ ಎಷ್ಟು ಸೀಟು ಎಂದಿತ್ತೋ ಅಷ್ಟೇ ಕೂರುಪಾಲು ಎಂದು ಬರೆದುಬಿಟ್ಟರು. ಅವತ್ತಿನ ಅವಸರದ ಕೆಲಸ ಇವತ್ತಿಗೆ ಕಾನೂನು. ಪಾಲು ಒಡೆಯುವಂತಿಲ್ಲ, ಮನೆಯ ಕೊನೆಯ ಮಗುವಿಗೆ ಹೋಗುತ್ತದೆ. ಹಾಗೆ ಇಳಿದಿಳಿದು ನನಗೆ ಬಂದದ್ದು ನಿಮ್ಮ ಐದು. ಹೆಣ್ಣು ನೋಡಲು ಬಂದವರು ಈಗ ಬಣ್ಣ ಕೇಳುವುದಿಲ್ಲ, ಅಡುಗೆ ಕೇಳುವುದಿಲ್ಲ, "ಎಷ್ಟ ಸೀಟಿನ ಮನಿತನರಿ?" ಎಂದು ಕೇಳುತ್ತಾರೆ. ನನ್ನ ಗಂಡ ಅಡಿವೆಪ್ಪನ ಹಿರಿಯರು ಸ್ಕೂಟರಿನವರು, ಅವರದು ಎರಡೇ, ಅದೂ ಅವನ ತಮ್ಮನ ಪಾಲಾಯಿತು. ನನ್ನ ಐದನ್ನು ನೋಡಿ ಅವರ ಮನೆಯಲ್ಲಿ ಹಬ್ಬ ಮಾಡಿದ್ದರು.

ಹಲ್ಲು ಬರುವವರೆಗೆ ಕೂಸು ಮಡಿಲಲ್ಲಿ ಹೋಗಬಹುದು. ಒಂದು ಹಲ್ಲು ಕಂಡರೆ ಅದಕ್ಕೂ ಒಂದು ಪಾಲು ಬೇಕು. ಸಾಲು ಹೊರಡುವ ಮುಂಜಾನೆ ಹಲ್ಲುಗಾರರು ಮನೆಮನೆಗೆ ಬಂದು ಕೂಸಿನ ಬಾಯಲ್ಲಿ ಬೆರಳಾಡಿಸಿ ನೋಡುತ್ತಾರೆ. ನಿಮ್ಮ ಕಾಲದಲ್ಲಿ ಮೊದಲ ಹಲ್ಲು ಕಂಡರೆ ಸಂಭ್ರಮ ಮಾಡುತ್ತಿದ್ದರಂತೆ, ಓಣಿಗೆಲ್ಲ ತೋರಿಸುತ್ತಿದ್ದರಂತೆ. ಇಲ್ಲಿ ತಾಯಂದಿರು ಬಾಗಿಲು ಹಾಕಿಕೊಂಡು ಅಳುತ್ತಾರೆ.

ಹೋದ ಗುರುವಾರ ನನ್ನ ಮಗನಿಗೆ ಹಾಲೂಡಿಸುವಾಗ ಚುಚ್ಚಿತು. ಬೆರಳಿಟ್ಟು ನೋಡಿದೆ, ಕೆಳಗಿನ ಒಸಡಿನಲ್ಲಿ ಅಕ್ಕಿ ನುಚ್ಚಿನಷ್ಟು ಹಲ್ಲು. ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ನಮ್ಮತ್ತೆ ಕಸ್ತೂರೆವ್ವ, ಈಗ ಇವನು. ಆರು ಮಂದಿ, ಐದು ಪಾಲು, ಸಾಲು ಹೊರಡುವುದು ನಾಡಿದ್ದು. ಉಳಿದವರು ನೆಲದಡಿಯ ತಳಮನೆಯಲ್ಲಿ ಐವತ್ತೆರಡು ದಿನ ಇರಬೇಕು. ಹೋದ ವರ್ಷ ನಮ್ಮ ಓಣಿಯಲ್ಲಿ ಹನ್ನೊಂದು ಜನ ಉಳಿದಿದ್ದರು, ಮಳೆ ಬಿದ್ದಾಗ ಮೇಲೆ ಬಂದವರು ಇಬ್ಬರು.

ನಾನು ಹೇಳಿರಲಿಲ್ಲ, ಆದರೂ ಅತ್ತೆಗೆ ಗೊತ್ತಾಯಿತು. ನಿನ್ನೆ ರೊಟ್ಟಿ ಬಡಿಯುತ್ತ ಕೂತವರು ತಲೆ ಎತ್ತದೇ ಅಂದರು: "ಹಿಂಗ್ಯಾಕ ಒಳಗೊಳಗ ಅಳತಿ? ನಾ ಉಳೀತೀನಿ ತಗೋ. ಐವತ್ತ ದಿನಾ ಅಲ್ಲೇನು, ಕುಂತ ಕಳೀತೀನಿ." ಮುತ್ತ್ಯಾ, ನಿಮ್ಮ ಮುಂದೆ ಸುಳ್ಳಾಡಿ ಏನು ಮಾಡಲಿ? ಆ ಮಾತು ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಹನ್ನೆರಡು ವರ್ಷ ನನ್ನನ್ನು ಮಗಳ ಹಾಗೆ ನೋಡಿದವರು ಅವರು. ಉರಿಗಾಲದ ಭಯ ನನಗೆ ಹುಟ್ಟಿದಾಗಿನಿಂದ ಇದೆ, ಇದು ಬೇರೆ. ನನ್ನ ಬಗ್ಗೆಯೇ ನನಗೆ ಹೆದರಿಕೆ ಹತ್ತಿದೆ.

ಶೋರೂಮಿನ ಮಾತುಗಳು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಇಳಿದು ಬಂದಿವೆ. ಗಾಡಿ ಮಾರುವ ಹುಡುಗ ಕೇಳುತ್ತಾನೆ: "ಮನ್ಯಾಗ ಎಷ್ಟ ಮಂದಿ ಅದೀರಿ ಸರ್ರ?" ನೀವು, ನಿಮ್ಮ ಮಡದಿ ಗಂಗವ್ವ ಅಮ್ಮ, ನಿಮ್ಮ ತಾಯಿ, ಎರಡು ಮಕ್ಕಳು. "ಐದ ಮಂದಿ ನೋಡ್ರಿ" ಅನ್ನುತ್ತೀರಿ. "ಹಂಗಾರ ಮಿಡ್‌ಸೈಜ್ ಸಾಕ್ರಿ. ದೊಡ್ಡದು ನಿಮ್ಮ ಓಣ್ಯಾಗ ಹೊಳ್ಳೂದ ಇಲ್ಲ" ಅನ್ನುತ್ತಾನೆ ಅವನು. ಗಂಗವ್ವ ಅಮ್ಮ ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ಆಗ ಎರಡು ತಿಂಗಳು. ಹೊಟ್ಟೆಯಲ್ಲಿನ ಕೂಸನ್ನು ಮಂದಿಯ ಮುಂದೆ ಎಣಿಸಬಾರದು, ದೃಷ್ಟಿಯಾಗುತ್ತದೆ ಎಂದು ಸುಮ್ಮನಾದಳು. ಆ ಎಣಿಸದ ಕೂಸು ಹುಟ್ಟಿತು, ಹನ್ನೆರಡು ವರ್ಷವಾಗುವವರೆಗೆ ಅಜ್ಜಿಯ ತೊಡೆಯ ಮೇಲೆ ಕೂತೇ ಓಡಾಡಿತು. ನಾನು ಅದರ ಸಂತತಿ. ಈಗ ಅವಳ ಕಡೆ ತಿರುಗಿ ಕೇಳಿ, ಮುತ್ತ್ಯಾ. ಗದರಬೇಡಿ, ಮೆಲ್ಲಗೆ ಕೇಳಿ. ಆರು ಎಂದು ಹೇಳಿ. ಆರು ಎಂದರೆ ಅವನು ತಾನಾಗಿ ದೊಡ್ಡದರ ಕಡೆ ಕರೆದೊಯ್ಯುತ್ತಾನೆ.

ಇಷ್ಟು ಬರೆದು ಮುಗಿಸಬೇಕೆಂದೇ ಓಲೆಮನೆಗೆ ಬಂದವಳು ನಾನು. ಆದರೆ ಇಲ್ಲಿನ ಗುಮಾಸ್ತ ನನ್ನ ಹಾಳೆಯನ್ನು ಓದಿ ಒಂದು ಮಾತು ಹೇಳಿದ. "ಎಲ್ಲಾರೂ ಇದನ್ನ ಬರೀತಾರ ಅಕ್ಕಾರ. ದೊಡ್ಡದು ತಗೋ, ದೊಡ್ಡದು ತಗೋ. ಆಗಿನ ಮಂದಿ ಒಮ್ಮಿಂದೊಮ್ಮಿಗೆ ಎಲ್ಲಾ ಆನಿಯಂಥಾ ಗಾಡಿ ಯಾಕ ತಗೊಂಡ್ರು ಅನ್ಕೊಂಡೀರಿ?" ನಮ್ಮ ಓಲೆಗಳನ್ನು ಓದಿಯೇ ಅವರು ಕೊಂಡದ್ದು. ಆ ಗಾಡಿಗಳ ಹೊಗೆಯೂ ಸೇರಿಯೇ ಈ ಉರಿ ಬಂದದ್ದು ಎಂದು ನಮ್ಮ ಸಾಲೆಯ ಮಕ್ಕಳಿಗೂ ಗೊತ್ತು. ನಾನು ಹುಡುಗಿಯಾಗಿದ್ದಾಗ ಉರಿಗಾಲ ಮೂವತ್ತೆಂಟು ದಿನವಿತ್ತು. ಅಂದಿನಿಂದ ಎಷ್ಟು ಓಲೆ ಹೋದವೋ, ಈಗ ಉರಿ ಐವತ್ತೆರಡು ದಿನ. ನಾನು ಒಂದು ಪಾಲು ಕೇಳಿ, ನನ್ನ ಮಕ್ಕಳ ಮಕ್ಕಳಿಗೆ ಒಂದು ದಿನದ ಉರಿ ಕಳಿಸುತ್ತಿದ್ದೇನೆ.

ಹಾಳೆ ಹರಿಯಲು ಹೋದೆ, ಆಗಲಿಲ್ಲ. ಅತ್ತೆ ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲಿದೆ. ದೊಡ್ಡದನ್ನೇ ಕೊಳ್ಳಿ ಮುತ್ತ್ಯಾ. ಎಲ್ಲ ಗೊತ್ತಿದ್ದೂ ಬರೆಯುತ್ತಿದ್ದೇನೆ, ನನಗೆ ಬೇರೆ ದಾರಿ ತಿಳಿಯುತ್ತಿಲ್ಲ.

ಆದರೆ ಸಹಿ ಹಾಕುವ ಮೊದಲು ನನ್ನದೊಂದು ಮಾತು ನಡೆಸಿಕೊಡಿ. ನನಗಿಂತ ಮುಂದೆ ಹುಟ್ಟುವವರಿಗೂ ಹಿಂದೋಲೆ ಇದ್ದೇ ಇರುತ್ತದೆ. ಅವರಲ್ಲಿ ಯಾರಾದರೂ ನಿಮಗೆ ಬರೆದಿರಬಹುದು, ತಂಪವ್ವನ ಮಾತು ಕೇಳಬೇಡಿ, ಸಣ್ಣದನ್ನೇ ಕೊಳ್ಳಿ ಎಂದು. ಅಂಥ ಓಲೆ ಬಂದಿದ್ದರೆ ಅದನ್ನೇ ನಡೆಸಿ, ನನ್ನದನ್ನು ಹರಿದುಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಆ ಗಾಡಿಯ ಚಿತ್ರಗಳನ್ನು ಸರಿಸಿ ನೋಡಿ, ಮೇಜಿನ ಕೆಳಗೂ ನೋಡಿ. ನನ್ನದಲ್ಲದೆ ಇನ್ನೊಂದು ಓಲೆ ಇದೆಯೇ? ಇರಲೇಬೇಕು ಮುತ್ತ್ಯಾ, ಇನ್ನೊಮ್ಮೆ ನೋಡಿ. ಇಲ್ಲವೆಂದರೆ ಮುಂದೆ ಬರೆಯಲು ಯಾರೂ ಉಳಿದಿಲ್ಲ ಎಂದೇ ಅರ್ಥ.