ಮೊದಲ ಗಂಟೆಯಲ್ಲಿ ಎಸೆದ ಎಕ್ಕಗಳು

ಅಕ್ಕನ ಮನೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮೇಷ್ಟ್ರಿಗೆ,

‘ಪ್ರೀತಿಯ’ ಎಂದು ಬರೆದ ಮೇಲೆ ಅದು ಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡುತ್ತ ಕುಳಿತೆ. ಹೊಡೆದುಹಾಕುವುದಕ್ಕೂ ಸುಸ್ತು, ಇರಲಿ ಬಿಡಿ. ಮನೆಯಲ್ಲಿ ‘ರೀ’ ಎಂದರೆ ಸಾಕಿತ್ತು. ಮೇಷ್ಟ್ರು ಎನ್ನುವುದು ಕ್ಲಬ್ಬಿನವರು ಇಟ್ಟ ಹೆಸರು. ವಾರವಿಡೀ ಲ್ಯಾಬಿನಲ್ಲಿ ಕೂತು ಕಂಡವರಿಗೆಲ್ಲ ಹಲ್ಲಿನ ಸೆಟ್ಟು ಮಾಡುವ ನೀವು, ಭಾನುವಾರ ಪೋಕರ್ ಮೇಜಿಗೆ ಬಂದರೆ ಹೊಸಬರಿಗೆಲ್ಲ ಪಾಠ ಹೇಳುತ್ತೀರಿ. ನಾನೂ ಹಾಗೆ ಕಲಿತವಳೇ. ಆರು ವಾರದಿಂದ ಮನೆಯಲ್ಲಿಲ್ಲದ ಹೆಂಡತಿ ಗಂಡನನ್ನು ಏನೆಂದು ಕರೆಯಬೇಕೋ ತಿಳಿಯದೆ ಈ ಹೆಸರು ಹಿಡಿದೆ.

ಬೆಳಗಿನಿಂದ ಆಸ್ಪತ್ರೆಯಲ್ಲಿ ರಕ್ತ ತೆಗೆದೂ ತೆಗೆದೂ ಹೆಬ್ಬೆರಳು ಜೋಮು ಹಿಡಿದಿದೆ. ಒಬ್ಬ ಅಜ್ಜ ಸೂಜಿ ಚುಚ್ಚುವ ಮೊದಲೇ ಅಯ್ಯೋ ಸತ್ತೆ ಅಂತ ಕೂಗಿದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಕ್ಷರ ಸೊಟ್ಟಪಟ್ಟ ಇದ್ದರೆ ಸಿಟ್ಟಿನಿಂದಲ್ಲ, ಬೆರಳಿನಿಂದ.

ಮೊನ್ನೆ ಭಾನುವಾರದ ಟೂರ್ನಮೆಂಟಿನ ವಿಷಯಕ್ಕೇ ಬರೆಯುತ್ತಿದ್ದೇನೆ. ಚೀಟಿ ಎತ್ತಿದಾಗ ಇಬ್ಬರಿಗೂ ಒಂದೇ ಮೇಜು ಬೀಳುತ್ತದೆ ಎಂದು ನಾನೆಣಿಸಿರಲಿಲ್ಲ. ಮ್ಯಾನೇಜರ್ ಬಂದು, ಗಂಡ ಹೆಂಡತಿ ಒಂದೇ ಮೇಜಲ್ಲಿ ಬೇಡ ಅನ್ನಿಸಿದರೆ ಒಬ್ಬರನ್ನು ಬೇರೆ ಕಡೆ ಕೂರಿಸ್ತೀನಿ ಅಂದರು. ನೀವು ನಗುನಗುತ್ತಾ, ಪರವಾಗಿಲ್ಲ ಸಾರ್, ನಾವು ಯಾವತ್ತೂ ಜಗಳ ಆಡಿದವರೇ ಅಲ್ಲ ಅಂದಿರಿ. ಮೇಜಿನವರೆಲ್ಲ ನಕ್ಕರು. ನಾನೂ ಹಲ್ಲು ಬಿಟ್ಟೆ. ಆಮೇಲೆ ನನ್ನ ಕಡೆ ತಿರುಗಿ, ಹೊಸ ಸ್ವೆಟರ್ ಚೆನ್ನಾಗಿದೆ ಅಂದಿರಿ. ಹೊಸದಲ್ಲ, ಅದು ಅಕ್ಕನದು.

ನಿಮ್ಮ ಪಾಠ ನನಗೆ ಬಾಯಿಪಾಠ. ಟೂರ್ನಮೆಂಟಿನ ಮೊದಲ ಗಂಟೆಗಳಲ್ಲಿ ಎಲ್ಲರ ಮುಂದೆಯೂ ಚಿಪ್ಸು ರಾಶಿ ರಾಶಿ ಇರುತ್ತದೆ, ಪ್ರತಿ ಸುತ್ತಿನಲ್ಲೂ ಕಡ್ಡಾಯವಾಗಿ ಹಾಕಬೇಕಾದ್ದು ಚೂರುಪಾರು. ಹಾಗಾಗಿ ಹಸಿದವರ ಹಾಗೆ ಆಡಬೇಡ. ಕೆಟ್ಟ ಎಲೆ ಬಂದರೆ ಎಸೆ. ಎಲ್ಲರ ಕೊನೆಗೆ ಆಡುವ ಕುರ್ಚಿ ನಿನ್ನದಾಗಿದ್ದರೆ, ಸಣ್ಣ ಜೋಡಿಯನ್ನೋ ಅಕ್ಕಪಕ್ಕದ ಎಲೆಗಳನ್ನೋ ಅಗ್ಗದಲ್ಲಿ ಇಟ್ಟುಕೊಂಡು ನೋಡು. ಕೂಡಿ ಬಂದರೆ ದೊಡ್ಡದಾಗಿ ಬರುತ್ತದೆ. ಬರೀ ಒಂದು ಜೋಡಿ ನಂಬಿಕೊಂಡು ಇದ್ದಬದ್ದದ್ದನ್ನೆಲ್ಲ ಮಾತ್ರ ಪಣಕ್ಕಿಡಬೇಡ, ಆ ಜೋಡಿ ಎಕ್ಕವೇ ಆಗಿರಲಿ. ಮೊದಲ ಗಂಟೆಯಲ್ಲೇ ಯಾರಾದರೂ ಪೂರ್ತಿ ರಾಶಿ ತಳ್ಳಿದರೆ ಅವರ ಹತ್ತಿರ ಏನೋ ಇದೆ ಅಂತಲೇ ತಿಳಿ, ದಾರಿ ಬಿಡು. ಅವಸರ ಏನಿದೆ? ಈ ಕೊನೆಯ ಮಾತನ್ನು ನೀವು ಎಷ್ಟು ಚೆಂದ ಹೇಳುತ್ತೀರೆಂದರೆ, ಮದುವೆಯಾದ ಹೊಸತರಲ್ಲಿ ನಾನು ಅದಕ್ಕೇ ಮರುಳಾಗಿದ್ದೆ.

ಹಾಗೇ ಆಡಿದೆವು ಇಬ್ಬರೂ. ನೀವು ಪಣ ಏರಿಸಿದಿರಿ, ಮಿಕ್ಕವರು ಎಲೆ ಎಸೆದರು, ಕೊನೆಯ ಕುರ್ಚಿಯಲ್ಲಿದ್ದ ನಾನು ಉಳಿದೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಾಗಿ ರಾಜ, ಎಂಟು, ಐದು ಬಿದ್ದವು. ನೀವು ಹಾಕಿದಿರಿ, ನಾನೂ ಹಾಕಿದೆ. ನಾಲ್ಕನೆಯದಾಗಿ ಎರಡು ಬಂತು. ಮತ್ತೆ ಹಾಕಿದಿರಿ, ನಾನು ಬಿಡಲಿಲ್ಲ. ಕೊನೆಗೆ ರಾಣಿ. ನೀವು ಇನ್ನೊಮ್ಮೆ ಹಾಕಿದಾಗ ನನ್ನ ರಾಶಿಯನ್ನಷ್ಟೂ ಎರಡು ಕೈಯಿಂದ ಮುಂದೆ ತಳ್ಳಿದೆ. ಎಲೆ ಹಂಚುವ ಡೀಲರ್ ಹುಡುಗಿ ಕಣ್ಣು ಅಗಲ ಮಾಡಿ ನಿಮ್ಮ ಮುಖ ನೋಡಿದಳು.

ನೀವು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದಿರಿ. ನನ್ನನ್ನು ನೋಡಲಿಲ್ಲ, ಚಿಪ್ಸನ್ನು ನೋಡಿದಿರಿ. ಆಮೇಲೆ ಎರಡೂ ಎಕ್ಕಗಳನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದು, ಐದರ ಜೋಡಿ ಇದೆ ಇವಳ ಹತ್ತಿರ, ಮೇಜಿನದೂ ಸೇರಿ ಮೂರು ಐದು, ನನಗೆ ಗೊತ್ತು ಇವಳು, ಅಂತ ಹೇಳಿ ಎಸೆದುಬಿಟ್ಟಿರಿ. ನಾನು ಹೌದೆಂಬಂತೆ ತಲೆಯಾಡಿಸಿದೆ. ಪಕ್ಕದ ಬೋಳುತಲೆಯವರು ಎಂಥಾ ಸಂಯಮ ಮೇಷ್ಟ್ರೇ ಅಂತ ನಿಮ್ಮ ಬೆನ್ನು ತಟ್ಟಿದರು. ನೀವು ಹಿರಿಹಿರಿ ಹಿಗ್ಗಿದಿರಿ. ಅಷ್ಟೊಂದು ಚಿಪ್ಸು ನನ್ನ ಕಡೆ ಬಂತು, ನನಗೆ ಅಳು ಬಂತು. ನೆಗಡಿ ಅಂದೆ.

ನೀವು ಮಾಡಿದ್ದು ತಪ್ಪೆಂದು ಕ್ಲಬ್ಬಿನಲ್ಲಿ ಒಬ್ಬರೂ ಹೇಳಲಾರರು. ನಾನೂ ಹೇಳುವುದಿಲ್ಲ. ಆದರೆ ಆಮೇಲೆ ನನಗೆ ಆಡಲು ಮನಸ್ಸೇ ಬರಲಿಲ್ಲ. ಗೆದ್ದದ್ದನ್ನೆಲ್ಲ ಊಟದ ವಿರಾಮದೊಳಗೆ ಯಾರ್ಯಾರಿಗೋ ಸೋತು ಹಂಚಿ ಎದ್ದು ಬಂದೆ. ನೀವು ಬಾಗಿಲವರೆಗೂ ಬಂದು, ಬಸ್ ಸಿಗುತ್ತಾ ಅಂತ ಕೇಳಿದಿರಿ. ಸಿಗುತ್ತೆ ಅಂದೆ. ಸರಿ ಹಾಗಾದರೆ ಅಂದಿರಿ.

ಆ ‘ಸರಿ ಹಾಗಾದರೆ’ ಕೇಳಿಯೇ ನನಗೆ ಸಾಕುಸಾಕಾಗಿದೆ. ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು, ಹತ್ತಿರದಲ್ಲಿ ಮನೆ ಹಿಡಿಯೋಣ ಅಂದೆ. ನೋಡೋಣ, ಅವಸರ ಏನಿದೆ ಅಂದಿರಿ. ಮಗು ಬೇಕು ಅಂದೆ, ಅದಕ್ಕೂ ಅದೇ. ಅದರ ಕಾಲ ಮುಗಿದಾಗ ಇಬ್ಬರೂ ಆ ಮಾತೇ ಎತ್ತಲಿಲ್ಲ. ನೀವು ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಸ್ವಲ್ಪ ದನಿ ಎತ್ತಿದರೂ ದಾರಿ ಬಿಟ್ಟು ನಿಲ್ಲುತ್ತೀರಿ, ನಾನು ಗೆದ್ದ ಹಾಗಾಗುತ್ತದೆ, ಗೆದ್ದು ಒಬ್ಬಳೇ ಅಡುಗೆಮನೆಯಲ್ಲಿ ನಿಂತಿರುತ್ತೇನೆ.

ನಾನು ಮನೆ ಬಿಟ್ಟ ಆ ಬೆಳಿಗ್ಗೆಯೂ ಹಾಗೇ ಆಯಿತು. ದೊಡ್ಡ ಪೆಟ್ಟಿಗೆ ತಂದು ಬಾಗಿಲ ಬಳಿ ಇಟ್ಟು, ಅಕ್ಕನ ಮನೆಗೆ ಹೋಗ್ತೀನಿ, ಯಾವಾಗ ಬರ್ತೀನೋ ಗೊತ್ತಿಲ್ಲ ಅಂದೆ. ನೀವು ಬಿಳುಚಿಕೊಂಡಿರಿ, ಅದು ಕಂಡಿತು ನನಗೆ. ಆದರೂ ಅಂದದ್ದು, ಟ್ಯಾಕ್ಸಿ ಕರೀಲಾ ಅಂತ. ಕರೆದಿರಿ ಕೂಡ. ಟ್ಯಾಕ್ಸಿಯವನು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಹಿಂದೆ ಇಟ್ಟ. ನೀವು ಬಾಗಿಲು ಹಿಡಿದುಕೊಂಡು ನಿಂತಿದ್ದಿರಿ.

ಈಗ ಇರುವ ವಿಷಯ ಇದು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆ ಸಿಕ್ಕಿದೆ. ಒಬ್ಬರಿಗೆ ಸಾಕು, ಇಬ್ಬರಿಗೆ ಇಕ್ಕಟ್ಟು. ಶುಕ್ರವಾರ ಸಂಜೆ ಮನೆಯೊಡತಿಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅಂದರೆ ನಾನು ಮತ್ತೆ ನಮ್ಮ ಮನೆಗೆ ಬರುವುದಿಲ್ಲ, ಅಷ್ಟು ನನಗೆ ಗೊತ್ತು. ಇನ್ನೊಮ್ಮೆ ಹೋಗಿ ಬರುವಷ್ಟು ಶಕ್ತಿ ನನ್ನಲ್ಲಿಲ್ಲ. ಅಕ್ಕ ಏನೂ ಹೇಳುವುದಿಲ್ಲ, ಆದರೆ ಅವಳ ಸೋಫಾಕ್ಕೂ ನನಗೂ ಇನ್ನು ಆಗಿಬರುವುದಿಲ್ಲ. ಭಾವ ಪಾಪ, ನಾನು ಮಲಗಿದ ಮೇಲೆ ಟಿವಿಯನ್ನು ದನಿಯಿಲ್ಲದೆ ನೋಡುತ್ತಾರೆ.

ಹೂಂ ಅನ್ನುತ್ತೇನೆ ಎಂದುಕೊಂಡಿದ್ದೇನೆ. ನನ್ನ ಉಳಿದ ಸಾಮಾನು ಕಟ್ಟಿಡಿ. ಶನಿವಾರ ಭಾವ ವ್ಯಾನು ತರುತ್ತಾರೆ. ಹೊಲಿಗೆ ಮಿಷನ್ ಭಾರ, ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಮಾತ್ರೆ ತಪ್ಪಿಸಬೇಡಿ, ನೀಲಿ ಡಬ್ಬಿಯಲ್ಲಿದೆ. ಬಾಲ್ಕನಿಯ ಗಿಡಕ್ಕೆ ನೀವು ನೀರು ಹಾಕುತ್ತಿರುವುದಾಗಿ ಪಕ್ಕದ ಮನೆಯಾಕೆ ಹೇಳಿದರು. ಸಂತೋಷ.

ಇನ್ನು ಬರೆಯಲಾರೆ. ಬೆರಳು ನೋಯುತ್ತಿದೆ.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿ

ವಿ.ಸೂ.: ಎಲೆ ಎಸೆದವರಿಗೆ ಎದುರಿನವರ ಎಲೆ ನೋಡುವ ಹಕ್ಕಿಲ್ಲ, ಅದೂ ನೀವೇ ಹೇಳಿಕೊಟ್ಟದ್ದು. ಆದರೂ ತೋರಿಸುತ್ತೇನೆ. ನನ್ನ ಹತ್ತಿರ ಐದರ ಜೋಡಿ ಇರಲಿಲ್ಲ. ಆರು, ಏಳು ಇತ್ತು. ಮೇಜಿನ ಐದು, ಎಂಟರ ಜೊತೆ ಸಾಲು ಕೂಡಲು ನಾಲ್ಕೋ ಒಂಬತ್ತೋ ಬರಬೇಕಿತ್ತು, ಬರಲಿಲ್ಲ, ಬರೀ ಕೈ. ಹಾಕಿ ನೋಡೇಬಿಡ್ತೀನಿ ಅಂತ ನೀವು ಅಂದಿದ್ದರೆ ಎಲ್ಲ ಸೋತು ಅಲ್ಲೇ ನಿಮ್ಮ ಕೈ ಹಿಡಿದುಕೊಳ್ಳುತ್ತಿದ್ದೆ. ಸಾಮಾನು ಕಟ್ಟುವ ಮೊದಲು ನನ್ನ ಬೀರು ಒಮ್ಮೆ ತೆರೆಯಿರಿ. ಬೀಗ ಹಾಕಿಲ್ಲ, ಆರು ವಾರದಿಂದಲೂ ಹಾಕಿರಲಿಲ್ಲ. ಚಳಿಯ ಕೋಟು, ಚಪ್ಪಲಿ, ಒಳ್ಳೆಯ ಬಟ್ಟೆ ಎಲ್ಲ ಅಲ್ಲೇ ಇದೆ. ಆ ದಿನ ಪೆಟ್ಟಿಗೆಯಲ್ಲಿ ಇದ್ದದ್ದು ನೆಂಟರು ಬಂದಾಗ ತೆಗೆಯುವ ಎರಡು ದಿಂಬು ಮಾತ್ರ.